‘ಉಳು’ ಧಾತುವಿನ ನಿಷ್ಪತ್ತಿ

ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿಯ ಹೆಸರಿನಲ್ಲಿರುವ ‘ಹೊಸ’, ‘ಹಳ್ಳಿ’ಗಳು ಹಳಗನ್ನಡದಲ್ಲಿ ಪೊಸ, ಪಳ್ಳಿ ಎಂದಿದ್ದವು. ಪಕಾರ ಹಕಾರವಾದ ಈ ಮಾರ್ಪಾಡು ಶಾಲೆಯ ಮಕ್ಕಳಿಗೂ ತಿಳಿದುದೇ. ಆ ಸೀಮೆಯ ಮಳೆಯಾಶ್ರಿತ ಹೊಲಗಳ ಮೊದಲ ಕಾಯಕವನ್ನು ಹೇಳುವ ‘ಉಳು’ ಎಂಬ ಕ್ರಿಯಾಪದದ ಚರಿತ್ರೆ ಇಷ್ಟು ಸರಳವಲ್ಲ.

‘ಉಳು’ವಿನ ಭೂತರೂಪ ‘ಉತ್ತ’. ಕೇಳು–ಕೇಳಿದ, ಆಳು–ಆಳಿದ ಎಂಬಲ್ಲಿ ಉಳಿದ ಳಕಾರ ಇಲ್ಲೇಕೆ ಕಾಣೆಯಾಯಿತು? ಉತ್ತರ, ಲಿಪಿಯಿಂದ ಮರೆಯಾದ ೞ ಅಕ್ಷರದಲ್ಲಿದೆ. ಹಳಗನ್ನಡದ ಧಾತು ‘ಉೞ್’. ಅದಕ್ಕೆ ತಕಾರದ ಪ್ರತ್ಯಯ ಸೇರಿ ‘ಉೞ್ತ’, ಬಳಿಕ ಸಮೀಕರಣದಿಂದ ‘ಉತ್ತ’. ಅಳು–ಅತ್ತ, ಬೀಳು–ಬಿದ್ದ, ಏಳು–ಎದ್ದ ಎಂಬಿವೂ ಇದೇ ಜಾಡಿನವು. ೞಕಾರಾಂತ ಧಾತುಗಳೆಲ್ಲವೂ ಹೀಗಾಗಲಿಲ್ಲ. ‘ಪೇೞ್’ ಇಂದು ‘ಹೇಳಿದ’ ಎಂದೇ ನಡೆಯುತ್ತದೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಬೇಕಾಯಿತೆಂದರೆ, ಆ ಹೊತ್ತಿಗೇ ೞ–ಳ ಭೇದ ಮಸುಕಾಗತೊಡಗಿತ್ತೆಂದು ತಿಳಿಯಬೇಕು.

ಇಟಾಲಿಯನ್ ಭಾಷೆಯಲ್ಲಿ ಉಳುವುದಕ್ಕೆ ‘ಅರಾರೆ’ ಎನ್ನುತ್ತಾರೆ. ಲ್ಯಾಟಿನಿನಲ್ಲಿಯೂ ಅದು ‘ಅರಾರೆ’ಯೇ, ಗ್ರೀಕ್, ಲಿಥುವೇನಿಯನ್ ಭಾಷೆಗಳಲ್ಲಿ ಅದರ ಜ್ಞಾತಿಪದಗಳಿವೆ. ತಾಯಿನುಡಿಯ ಗ್ರಂಥಗಳು ಕೈಯಲ್ಲಿರುವುದರಿಂದ ಅಲ್ಲಿ ಮೂಲವನ್ನು ತೋರಿಸುವುದು ಸುಲಭ. ಮೂಲದ್ರಾವಿಡಕ್ಕಾದರೋ ಬರವಣಿಗೆಯಿಲ್ಲ, ಸೋದರಭಾಷೆಗಳ ಸಾಕ್ಷ್ಯವೇ ಗತಿ. ತಮಿಳಿನ ‘ಉೞು’, ಮಲಯಾಳದ ‘ಉೞುಕ’ ಹಳೆಯ ಧ್ವನಿಯನ್ನು ಉಳಿಸಿಕೊಂಡಿವೆ. ತೆಲುಗಿನ ‘ದುನ್ನು’ ಮೊದಲ ನೋಟಕ್ಕೆ ಪರಕೀಯವೆನಿಸುತ್ತದೆ. ಆದರೆ ತೆಲುಗಿನಲ್ಲಿ ಪದಾದಿಯ ಸ್ವರವೂ ಅದರ ಮುಂದಿನ ವ್ಯಂಜನವೂ ಸ್ಥಾನ ಬದಲಿಸುವುದುಂಟು: ಕನ್ನಡದ ‘ಒರಳು’ ಅಲ್ಲಿ ‘ರೋಲು’. ಹಾಗೆ ಪದದ ಮೊದಲಿಗೆ ಬಂದ ೞಕಾರವು ದಕಾರವಾಗಿ ‘ದುನ್ನು’ ಹುಟ್ಟಿತು.

1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದು, ಕೂಡ್ಲಿಗಿ ಮೈಸೂರಿಗೂ ರಾಯದುರ್ಗ ಆಂಧ್ರಕ್ಕೂ ಸೇರಿದವು. ಗೇಣಿದಾರರ ಹಕ್ಕಿನ ಘೋಷಣೆ ಇತ್ತ ‘ಉಳುವವನೇ ಹೊಲದೊಡೆಯ’, ಅತ್ತ ‘ದುನ್ನೇವಾಡಿದೇ ಭೂಮಿ’. ಮೊದಲನೆಯದು 1974ರ ಭೂಸುಧಾರಣಾ ತಿದ್ದುಪಡಿಯ ಕಾಲದಲ್ಲಿ ಕರ್ನಾಟಕದ ಮನೆಮಾತಾಯಿತು. ಗಡಿಯ ಎರಡು ಬದಿಗಳಲ್ಲಿ ಒಕ್ಕಲುಮಕ್ಕಳು ಹೊಲ ಕೇಳಿದ್ದು ಒಂದೇ ಧಾತುವಿನಿಂದ.

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇಂದು ಗಳೆ ‘ಹೊಡೆಯು’ತ್ತಾರೆ, ಕುಂಟೆ ‘ಹೊಡೆಯು’ತ್ತಾರೆ, ಟ್ರ್ಯಾಕ್ಟರನ್ನೂ ‘ಹೊಡೆಸು’ತ್ತಾರೆ. ‘ಉತ್ತ’ ರೂಪವು ‘ಉತ್ತು ಬಿತ್ತಿ’ ಎಂಬ ಜೋಡುನುಡಿಯಲ್ಲಿ ಬಿತ್ತನೆಯ ಜೊತೆಗೆ ಉಳಿದುಬಂದಿದೆ.