ತೋರಿಸಲು ತಂದದ್ದು ಮಗುವನ್ನು, ಕುರ್ಚಿ ಹಾಕಿದ್ದು ಮನೆಮಂದಿಗೆ

ಸೋಮವಾರ ಬೆಳಗಾದರೆ ಹುಡುಗನಿಗೆ ಹೊಟ್ಟೆನೋವು. ಭಾನುವಾರ ಇಲ್ಲ, ದಸರಾ ರಜೆಯಲ್ಲಂತೂ ಇಲ್ಲವೇ ಇಲ್ಲ. ಸ್ಕ್ಯಾನಿಂಗ್ ಆಯಿತು, ಏನೂ ಸಿಗಲಿಲ್ಲ. ಅಜ್ಜಿ ದೃಷ್ಟಿ ತೆಗೆದದ್ದೂ ಆಯಿತು. ಕೊನೆಗೆ ಮಕ್ಕಳ ಡಾಕ್ಟರು ‘ಒಮ್ಮೆ ಆಪ್ತಸಮಾಲೋಚಕರಿಗೆ ತೋರಿಸಿ’ ಎಂದರೆ ಅಪ್ಪ ತಟ್ಟನೆ ಕೇಳುತ್ತಾರೆ: ‘ಯಾಕೆ, ನಮ್ಮ ಹುಡುಗನಿಗೇನು ಹುಚ್ಚಾ?’

ಇಂಥದೊಂದು ಮನೆಯನ್ನು ಊಹಿಸಿಕೊಳ್ಳಿ. ಮಕ್ಕಳ ಮತ್ತು ಕುಟುಂಬದ ಚಿಕಿತ್ಸೆಗೆ ಮೊದಲ ಸಲ ಬರುವವರು ಹೆಚ್ಚುಕಡಿಮೆ ಹೀಗೆಯೇ, ಅಳುಕುತ್ತಲೇ ಬರುತ್ತಾರೆ. ಒಳಗೆ ಕಾಲಿಟ್ಟರೆ ಹುಡುಗನಿಗಷ್ಟೇ ಅಲ್ಲ, ಅಪ್ಪ, ಅಮ್ಮ, ಅಜ್ಜಿ, ತಂಗಿ ಎಲ್ಲರಿಗೂ ಕುರ್ಚಿ ಇರುತ್ತದೆ.

ಮೊದಲ ಭೇಟಿಯ ಬಹುಪಾಲು ಪ್ರಶ್ನೆಗಳಲ್ಲೇ ಕಳೆಯುತ್ತದೆ. ಹೆರಿಗೆ ಹೇಗಾಯಿತು, ಮಾತು ಯಾವಾಗ ಬಂತು, ನಿದ್ದೆ ಹೇಗೆ, ಶಾಲೆಯವರು ಏನೆನ್ನುತ್ತಾರೆ, ನೋವು ಯಾವಾಗ ಇರುವುದಿಲ್ಲ. ಮಾತಾಡುತ್ತಲೇ ಚಿಕಿತ್ಸಕರು ಹಾಳೆಯ ಮೇಲೆ ಮೂರು ತಲೆಮಾರಿನ ನಕ್ಷೆ ಬರೆಯುತ್ತಾರೆ: ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಮುನಿಸಿಗೆ ಅಂಕುಡೊಂಕು ಗೆರೆ. ತಾತ ತೀರಿಕೊಂಡ ತಿಂಗಳೂ ಹೊಟ್ಟೆನೋವು ಶುರುವಾದ ತಿಂಗಳೂ ಒಂದೇ ಎಂಬುದು ಎಷ್ಟೋ ಸಲ ಆ ಹಾಳೆ ನೋಡಿದ ಮೇಲೆಯೇ ಮನೆಯವರಿಗೆ ಹೊಳೆಯುತ್ತದೆ.

ಸಣ್ಣ ಮಕ್ಕಳಿಗೆ ಪ್ರಶ್ನೆಗಿಂತ ಆಟವೇ ಹತ್ತಿರ. ಗೊಂಬೆ, ಮರಳು, ಬಣ್ಣದ ಕಡ್ಡಿ ಅಲ್ಲಿನ ಸಲಕರಣೆಗಳು. ‘ಆಟ ಆಡಿಸೋಕೆ ಫೀಸಾ?’ ಎಂದು ಗೊಣಗುವವರಿದ್ದಾರೆ. ಆದರೆ ಬಾಯಿಬಿಟ್ಟು ಹೇಳಲಾಗದ ಭಯವನ್ನು ಮಗು ಗೊಂಬೆಯ ಬಾಯಲ್ಲಿ ಹೇಳಿಸುತ್ತದೆ.

ಇನ್ನೊಂದು ಜಾಣ ವಿಧಾನವಿದೆ. ಒಬ್ಬರ ವಿಷಯವನ್ನು ಇನ್ನೊಬ್ಬರಿಂದ ಕೇಳುವುದು. ‘ಅಣ್ಣನಿಗೆ ಹೊಟ್ಟೆನೋವು ಬಂದರೆ ಮನೇಲಿ ಏನಾಗುತ್ತೆ ಪುಟ್ಟಿ?’ ಎಂದರೆ ತಂಗಿ ಹೇಳಬಹುದು: ‘ಅವತ್ತು ಅಪ್ಪ ಅಮ್ಮ ಜಗಳ ಆಡಲ್ಲ.’ ಹುಡುಗ ನಾಟಕವಾಡುತ್ತಿದ್ದಾನೆ ಎಂದು ಇದರರ್ಥವಲ್ಲ. ನೋವು ನಿಜವೇ, ಅದು ಮನೆಯೊಳಗೆ ಯಾವ ಕೆಲಸ ಮಾಡುತ್ತಿದೆ ಎಂಬುದು ಈಗ ಕಾಣಿಸಿತು, ಅಷ್ಟೇ. ಅರ್ಜೆಂಟೀನಾದಲ್ಲಿ ಹುಟ್ಟಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕೆಲಸ ಮಾಡಿದ ಕುಟುಂಬ ಚಿಕಿತ್ಸಕ ಸಾಲ್ವಡಾರ್ ಮಿನುಚಿನ್, 1974ರ ತಮ್ಮ ಪುಸ್ತಕದಲ್ಲಿ ಕುಟುಂಬವನ್ನು ನೋಡುವ ಈ ಬಗೆಗೆ ಗಟ್ಟಿ ಚೌಕಟ್ಟು ಕೊಟ್ಟರು.

ಹಾಗೆಂದು ಎಲ್ಲಕ್ಕೂ ಮನೆಯೇ ಹೊಣೆಯಲ್ಲ. ಆಟಿಸಂ ಆಗಲಿ ಕಲಿಕಾ ನ್ಯೂನತೆಯಾಗಲಿ ಅಪ್ಪ ಅಮ್ಮ ಬೆಳೆಸಿದ ರೀತಿಯಿಂದ ಬರುವುದಿಲ್ಲ. ಅದನ್ನು ಬೇರ್ಪಡಿಸಿ ನೋಡಲೆಂದೇ ಪರೀಕ್ಷೆಗಳಿವೆ. ಮಾತ್ರೆ ಬೇಕೇ ಎಂಬುದು ಮನೋವೈದ್ಯರ ತೀರ್ಮಾನ.

ಮನೆಯವರನ್ನು ಜೊತೆಗಿಟ್ಟುಕೊಂಡು ಚಿಕಿತ್ಸೆ ಕೊಡುವುದು ನಮ್ಮ ದೇಶಕ್ಕೆ ಹೊಸದಲ್ಲ. 1950ರ ದಶಕದಲ್ಲೇ ಡಾ. ವಿದ್ಯಾಸಾಗರ್ ಅಮೃತಸರದ ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂದು ಮಕ್ಕಳ ಮನೋವೈದ್ಯಕೀಯ ವಿಭಾಗವೂ ಇದೆ, ಕುಟುಂಬಗಳಿಗಾಗಿಯೇ ಒಂದು ಕೇಂದ್ರವೂ ಇದೆ. ದೂರದವರು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.

ಮುಂದಿನ ಭೇಟಿಗಳು ಸಾಮಾನ್ಯವಾಗಿ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ನಡುವೆ ಮನೆಗೆಲಸ ಕೊಡುತ್ತಾರೆ, ಅದು ದೊಡ್ಡವರಿಗೆ: ರಾತ್ರಿ ಮಲಗಿಸುವಾಗ ಕಥೆ ಹೇಳುವುದು ಅಪ್ಪನ ಪಾಲು, ಹೊಟ್ಟೆನೋವಿನ ದಿನ ಅಜ್ಜಿ ವಿಶೇಷ ತಿಂಡಿ ಮಾಡುವಂತಿಲ್ಲ. ಮೊದಮೊದಲು ಹುಡುಗನ ಹಟ ಹೆಚ್ಚಿದಂತೆ ಕಾಣಬಹುದು, ಅಲ್ಲಿಗೇ ಬಿಟ್ಟುಬಿಡುವವರು ಬಹಳ. ಮಗು ಒಂಟಿಯಾಗಿ ಹೇಳಿದ್ದನ್ನೆಲ್ಲ ಚಿಕಿತ್ಸಕರು ಮನೆಯವರಿಗೆ ಒಪ್ಪಿಸುವುದಿಲ್ಲ ಎಂಬುದೂ ಗೊತ್ತಿರಲಿ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಹೇಳಲೇಬೇಕು. ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ದೂರು ಕಡ್ಡಾಯ.

ಹೊರಡುವ ಮುನ್ನ ಮಗುವಿಗೆ ‘ಪಾರ್ಕಿಗೆ ಹೋಗೋಣ’ ಎಂದು ಸುಳ್ಳು ಹೇಳಬೇಡಿ. ‘ಬೆಳಿಗ್ಗೆ ಎದ್ದರೆ ನಮ್ಮನೇಲಿ ಎಲ್ಲರಿಗೂ ಕಷ್ಟ ಆಗ್ತಿದೆ ಅಲ್ವಾ, ಅದಕ್ಕೇ ಎಲ್ಲರೂ ಹೋಗಿ ಒಬ್ಬರ ಹತ್ರ ಮಾತಾಡೋಣ. ಅಲ್ಲಿ ಸೂಜಿ ಚುಚ್ಚಲ್ಲ’ ಎನ್ನಿ. ‘ಎಲ್ಲರೂ’ ಎಂಬ ಮಾತು ಕೇಳಿದ ಹುಡುಗ ಚಪ್ಪಲಿ ಹುಡುಕಲು ಶುರುಮಾಡಬಹುದು.