ಫೋನಿನೊಳಗೆ ಪೈಥಾನ್ ನೆಲೆ ಕಂಡ ಬಗೆ

‘ಲ್ಯಾಪ್‌ಟಾಪ್ ತಗೊಳ್ಳಾಕ ರೊಕ್ಕ ಇಲ್ರಿ, ಫೋನ್‌ನ್ಯಾಗ ಪೈಥಾನ್ ಕಲೀಬಹುದೇನ್ರಿ?’ ಸುರಪುರದ ಬಿಸಿಎ ವಿದ್ಯಾರ್ಥಿಯೊಬ್ಬರು ಕೇಳಿದ ಪ್ರಶ್ನೆ ಇದು. ಖಂಡಿತ ಕಲಿಯಬಹುದು. ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡು ಒಂದೇ ಸಾಲಿನ ಆದೇಶ ಕೊಟ್ಟರೆ ಪೈಥಾನ್ ಬಂದು ಕೂರುತ್ತದೆ. ಆ ಒಂದು ಸಾಲಿನ ಹಿಂದೆ ದಶಕಗಳ ದುಡಿಮೆ ಇದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲವಲ್ಲ ಎಂಬುದು ನನ್ನ ಕೊರಗು.

ಪೈಥಾನ್ ಒಂದು ಇಂಟರ್‌ಪ್ರಿಟರ್. ನೀವು ಬರೆದ ಸಾಲುಗಳನ್ನು ಓದಿ ಅಲ್ಲಲ್ಲೇ ನಡೆಸಿಕೊಡುತ್ತದೆ. 1989ರ ಕ್ರಿಸ್‌ಮಸ್ ರಜೆಯಲ್ಲಿ ಗೈಡೊ ವ್ಯಾನ್ ರಾಸಮ್ ಅದನ್ನು ಸಿ ಭಾಷೆಯಲ್ಲಿ ಬರೆಯತೊಡಗಿದರು. 1991ರ ಫೆಬ್ರುವರಿಯಲ್ಲಿ ಅದು ಲೋಕಕ್ಕೆ ಸಿಕ್ಕಿತು. ನಿಮ್ಮ ಪ್ರೋಗ್ರಾಂಗೆ ಯಂತ್ರದ ಗೊಡವೆ ಬೇಕಿಲ್ಲ. ಇಂಟರ್‌ಪ್ರಿಟರ್‌ಗೆ ಮಾತ್ರ ಅದು ತಪ್ಪಿದ್ದಲ್ಲ.

ಅದು ಓಡಬೇಕಾದ ಎಷ್ಟೋ ಯಂತ್ರಗಳನ್ನು ನಡೆಸುವುದು ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ. ಹೆಸರು ಒಂದೇ ಆದರೂ ಅದರ ಮನೆತನಗಳು ಹಲವು. ಶಹಾಪುರದ ಗೌಂಡಿಯೊಬ್ಬ ಬೆಂಗಳೂರಿಗೆ ಗುಳೆ ಹೋದನೆನ್ನಿ. ಗೋಡೆಯನ್ನು ನೆಟ್ಟಗೆ ಎಬ್ಬಿಸುವ ಕಸುಬು ಅವನ ಜೊತೆಗೇ ಹೋಗುತ್ತದೆ. ಆದರೆ ಊರಲ್ಲಿ ಶಹಾಬಾದಿ ಪರಸಿ ಹಾಸಿದವನಿಗೆ ಅಲ್ಲಿ ಸಿಗುವುದು ಸಿಮೆಂಟ್ ಬ್ಲಾಕು, ಎಂ-ಸ್ಯಾಂಡ್. ಕರಣಿ ಹಿಡಿಯುವ ಮುಂಚೆ ಸುತ್ತಾಡಿ ವಿಚಾರಿಸುತ್ತಾನೆ: ನೀರೆಲ್ಲಿ, ಉಸುಕು ಎಂಥದು, ಸಾರುವೆಗೆ ಏನಿದೆ? ಪೈಥಾನನ್ನು ಹೊಸ ಯಂತ್ರಕ್ಕೆ ಕಟ್ಟುವಾಗ ಮೊದಲು ಓಡುವ ‘ಕಾನ್ಫಿಗರ್’ ಎಂಬ ಕಡತ ಇದನ್ನೇ ಮಾಡುತ್ತದೆ. ಈ ಫಂಕ್ಷನ್ ಇಲ್ಲಿದೆಯೇ, ಪೂರ್ಣಾಂಕಕ್ಕೆ ಎಷ್ಟು ಬೈಟ್ ಜಾಗ ಎಂದು ಪುಟ್ಟ ಪ್ರೋಗ್ರಾಂಗಳನ್ನು ಬರೆದು, ಓಡಿಸಿ ನೋಡುತ್ತದೆ. ಈ ದಾರಿ ತೋರಿದವರಲ್ಲಿ ಪರ್ಲ್ ಭಾಷೆಯ ಲ್ಯಾರಿ ವಾಲ್ ಮುಖ್ಯರು. 1991ರಲ್ಲಿ ಡೇವಿಡ್ ಮೆಕೆಂಜಿ ಅಂಥ ಕಡತಗಳನ್ನು ತಾನಾಗಿ ಹುಟ್ಟಿಸುವ ಆಟೊಕಾನ್ಫ್ ಬರೆದರು. ಪೈಥಾನ್ ಇಂದಿಗೂ ನೆಚ್ಚಿರುವುದು ಅದನ್ನೇ.

ಕೇಳದೆ ಕೆಲಸಕ್ಕಿಳಿದರೆ ಏನಾಗುತ್ತದೆಂದು ಯುನಿಕ್ಸ್ ತಾನೇ ಅನುಭವಿಸಿದೆ. 1970ರ ದಶಕದಲ್ಲಿ ಅದನ್ನು ಪಿಡಿಪಿ-11 ಯಂತ್ರದಿಂದ ಇಂಟರ್‌ಡೇಟಾ ಯಂತ್ರಗಳಿಗೆ ಒಯ್ದರು. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀವ್ ಜಾನ್ಸನ್ ಮತ್ತು ಡೆನಿಸ್ ರಿಚಿ, ಆಸ್ಟ್ರೇಲಿಯಾದ ವೊಲೊಂಗಾಂಗ್‌ನಲ್ಲಿ ರಿಚರ್ಡ್ ಮಿಲ್ಲರ್ ಆ ಕೆಲಸದಲ್ಲಿದ್ದರು. ಎರಡು ಬೈಟ್‌ಗಳಲ್ಲಿ ಯಾವುದನ್ನು ಮೊದಲಿಡಬೇಕು ಎಂಬ ವಿಷಯದಲ್ಲಿ ಯಂತ್ರಗಳಿಗೆ ಒಮ್ಮತವಿಲ್ಲ. ಹೀಗಾಗಿ ‘ಯು-ಎನ್-ಐ-ಎಕ್ಸ್’ ಎಂದು ಮೂಡಬೇಕಾದ್ದು ‘ಎನ್-ಯು-ಎಕ್ಸ್-ಐ’ ಆಗುವ ತೊಂದರೆಗೆ ‘ನಕ್ಸಿ’ ಎಂಬ ಹೆಸರೇ ನಿಂತುಬಿಟ್ಟಿತು. 1995ರಲ್ಲಿ ಜಾವಾ ಭಾಷೆ ಬಂದಾಗ ‘ಒಮ್ಮೆ ಬರೆದರೆ ಎಲ್ಲೆಡೆ ಓಡುತ್ತದೆ’ ಎಂಬ ಪ್ರಚಾರ ಜೋರಾಗಿತ್ತು. ಓಡುತ್ತದೆ, ಸರಿ. ಆದರೆ ಪ್ರತಿ ಯಂತ್ರದ ಮೇಲೂ ಯಾರೋ ಕೂತು ಇಂಟರ್‌ಪ್ರಿಟರನ್ನು ಮೊದಲು ಓಡಿಸಿರಬೇಕು.

ಇನ್ನು ಫೋನಿಗೆ ಬರೋಣ. ಆಂಡ್ರಾಯ್ಡ್‌ನ ಒಡಲಲ್ಲಿರುವುದು ಯುನಿಕ್ಸ್ ಮನೆತನದ್ದೇ ಆದ ಲಿನಕ್ಸ್ ತಿರುಳು. ಆದರೆ ಮಾಮೂಲಿ ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿ ಅಲ್ಲಿಲ್ಲ, ಗೂಗಲ್‌ನ ಬಯೋನಿಕ್ ಇದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಫೋನಿನ ಪೈಥಾನನ್ನು ಸಾಮಾನ್ಯವಾಗಿ ಕಟ್ಟುವುದು ಬೇರೊಂದು ಕಂಪ್ಯೂಟರಿನಲ್ಲಿ. ಫೋನಿಗಾಗಿ ಹುಟ್ಟಿಸಿದ ಪುಟ್ಟ ಪ್ರೋಗ್ರಾಂ ಆ ಕಂಪ್ಯೂಟರಿನಲ್ಲಿ ಓಡದು. ಹಾಗಾಗಿ ಕಾನ್ಫಿಗರ್ ತಾನೇ ನೋಡಿ ತಿಳಿಯಬೇಕಾದ ಕೆಲವು ಉತ್ತರಗಳನ್ನು ಗೊತ್ತಿದ್ದವರು ಮೊದಲೇ ಬರೆದುಕೊಡಬೇಕು. ಟರ್ಮಕ್ಸ್‌ನ ಸ್ವಯಂಸೇವಕರು ವರ್ಷಗಟ್ಟಲೆ ಇಂಥ ತೇಪೆಗಳನ್ನು ಹೊಲಿದರು. ಕೊನೆಗೆ 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.13 ಆಂಡ್ರಾಯ್ಡನ್ನು ಅಧಿಕೃತವಾಗಿ ಒಪ್ಪಿಕೊಂಡಿತು, ಅದೂ ಮೂರನೇ ದರ್ಜೆಯಲ್ಲಿ. ಅಂದರೆ ಫೋನಿನಲ್ಲಿ ಏನಾದರೂ ಕೆಟ್ಟರೂ ಹೊಸ ಆವೃತ್ತಿಯ ಬಿಡುಗಡೆ ಅದಕ್ಕಾಗಿ ನಿಲ್ಲುವುದಿಲ್ಲ.

ಕನ್ನಡಿಗರಾದ ನಮಗೆ ಇನ್ನೊಂದು ಖುಷಿಯೂ ಇದೆ. ‘ಸುರಪುರ’ ಎಂದು ಕೊಟ್ಟು ಉದ್ದ ಕೇಳಿದರೆ ಪೈಥಾನ್ 3 ಆರು ಎನ್ನುತ್ತದೆ: ನಾಲ್ಕು ಅಕ್ಷರ, ಎರಡು ಕೊಂಬು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಅದೇ ಪದಕ್ಕೆ 18 ಬೈಟ್. ಭಾಷೆಯ ಹೊಂದಿಕೆ ಮಾಡದ ಹಳೆಯ ಯುನಿಕ್ಸ್ ಯಂತ್ರಗಳಲ್ಲಿ ಕನ್ನಡ ಮುದ್ರಿಸಹೋದರೆ ಪೈಥಾನ್ ತಪ್ಪು ತೋರಿಸಿ ನಿಂತುಬಿಡುತ್ತಿತ್ತು. 2018ರ 3.7 ಆವೃತ್ತಿ ಅಂಥಲ್ಲಿ ತಾನಾಗಿ ಯುಟಿಎಫ್-8 ಹಿಡಿಯತೊಡಗಿತು.

ಸುರಪುರದ ಗೆಳೆಯರಿಗೆ ಒಂದು ಸಲಹೆ: ನಂಪೈನಂಥ ಗಣಿತದ ಕಟ್ಟುಗಳನ್ನು ಪೈಥಾನ್‌ನದೇ ‘ಪಿಪ್’ ಆದೇಶದ ಮೂಲಕ ತರಿಸಬೇಡಿ. ಲಿನಕ್ಸ್‌ಗೆಂದು ಸಿದ್ಧವಿರುವವು ಹೆಚ್ಚಾಗಿ ಜಿಲಿಬ್‌ಸಿ ನಂಬಿದಂಥವು, ಬಯೋನಿಕ್ ಮೇಲೆ ನಡೆಯವು. ಆಗ ಫೋನು ಎಲ್ಲವನ್ನೂ ಮೂಲದಿಂದ ಕಟ್ಟತೊಡಗಿ ಬಿಸಿಯಾಗುತ್ತದೆ. ಟರ್ಮಕ್ಸ್‌ನವರೇ ಕಟ್ಟಿಟ್ಟ ನಂಪೈ ಅದರ ‘ಪಿಕೆಜಿ’ ಆದೇಶದಲ್ಲಿ ಸಿಗುತ್ತದೆ, ಅದನ್ನೇ ಹಾಕಿಕೊಳ್ಳಿ.