ಸಾಯಲೆಂದೇ ಹತ್ತುತ್ತಿದ್ದ ಚಿಕ್ಕಬೆಟ್ಟ

ಶ್ರವಣಬೆಳಗೊಳಕ್ಕೆ ಬಂದವರ ಕಾಲು ತಾನಾಗಿ ದೊಡ್ಡಬೆಟ್ಟದ ಕಡೆಗೇ ಹೊರಳುತ್ತದೆ. ಮೇಲೆ 58 ಅಡಿಯ ಗೊಮ್ಮಟ ಕಾಯುತ್ತಿರುವಾಗ ಬೇರೆ ಕಡೆ ಯಾರು ನೋಡುತ್ತಾರೆ? ಹತ್ತಿ ಇಳಿಯುವಷ್ಟರಲ್ಲಿ ಮಂಡಿ ಸೋತಿರುತ್ತದೆ, ಗಂಟಲು ಎಳನೀರು ಕೇಳುತ್ತಿರುತ್ತದೆ. ಕಲ್ಯಾಣಿಯ ಈಚೆಗಿರುವ ಚಿಕ್ಕಬೆಟ್ಟದ ಪಾಲಿಗೆ ಉಳಿಯುವವರು ಬಸ್ಸಿಗೆ ಇನ್ನೂ ಹೊತ್ತಿದೆ ಎನ್ನುವ ಕೆಲವರು, ಶಾಸನದ ಹುಚ್ಚು ಹಿಡಿದ ಇನ್ನು ಕೆಲವರು. ನನ್ನ ಮಾತು ಕೇಳುವುದಾದರೆ ಬೆಳಿಗ್ಗೆ ಮೊದಲು ಇದನ್ನೇ ಹತ್ತಿ. ಚಪ್ಪಲಿ ಕೆಳಗೇ ಬಿಡಬೇಕು. ಹೊತ್ತೇರಿದರೆ ಬಂಡೆ ಅಂಗಾಲು ಸುಡುತ್ತದೆ.

ಬೆಟ್ಟ ಎತ್ತರದ್ದಲ್ಲ, ನೆಲದಿಂದ ಸುಮಾರು 175 ಅಡಿ. ಇದರ ಹಳೆಯ ಹೆಸರು ಕಳ್ಬಪ್ಪು. ಸಂಸ್ಕೃತದಲ್ಲಿ ಬರೆದವರು ಕಟವಪ್ರ ಎಂದರು. ಗೊಮ್ಮಟ ಏಳುವುದಕ್ಕೆ ಮುನ್ನೂರು ವರ್ಷ ಮೊದಲೇ ಇಲ್ಲಿಗೆ ಜನ ಬರುತ್ತಿದ್ದರು, ಸಾಯಲಿಕ್ಕೆ. ಮುನಿಗಳು, ಕಂತಿಯರು ಎಂದರೆ ಜೈನ ಸಂನ್ಯಾಸಿನಿಯರು, ಆಮೇಲಾಮೇಲೆ ದೊರೆಗಳು, ದಂಡನಾಯಕರ ತಾಯಂದಿರು, ವ್ಯಾಪಾರಿಗಳ ಮನೆಯ ಹೆಂಗಸರು. ಹೀಗೆ ಬಂದು ಹೋದವರ ಹೆಸರನ್ನು ಉಳಿದವರು ಬಂಡೆಯ ಮೇಲೆ ಕೊರೆಸಿದರು. ನಾವು ಈಗ ಬರಿಗಾಲಲ್ಲಿ ದಾಟುತ್ತಿರುವುದು ಕನ್ನಡ ನಾಡಿನ ಅತಿ ದೊಡ್ಡ ಮರಣದಾಖಲೆಯನ್ನು. ಬಿ. ಎಲ್. ರೈಸ್ 1889ರಲ್ಲಿ ಈ ಊರಿನ 144 ಶಾಸನಗಳನ್ನು ಅಚ್ಚು ಹಾಕಿಸಿದರು, 1923ರಲ್ಲಿ ಆರ್. ನರಸಿಂಹಾಚಾರ್ಯರು ಅದನ್ನು 500ಕ್ಕೆ ಏರಿಸಿದರು.

ಪ್ರಾಕಾರದ ತೆಂಕಣ ಬಾಗಿಲಲ್ಲೇ ಕೂಗೆ ಬ್ರಹ್ಮದೇವರ ಕಂಬ ನಿಂತಿದೆ. ಗಂಗರ ದೊರೆ ಇಮ್ಮಡಿ ಮಾರಸಿಂಹನ ಕಥೆ ಇದರ ಮೇಲಿದೆ. ಗೆದ್ದ ಯುದ್ಧಗಳು, ಮುರಿದ ಕೋಟೆಗಳು, ಬಿರುದುಗಳು ಉದ್ದಕ್ಕೆ ಬಂದು, ಕಡೆಯಲ್ಲಿ ಸುದ್ದಿ ಸಣ್ಣದಾಗುತ್ತದೆ: ಆತ ರಾಜ್ಯ ಬಿಟ್ಟು, ಬಂಕಾಪುರದಲ್ಲಿ ಗುರು ಅಜಿತಸೇನರ ಪಾದದ ಬಳಿ ಮೂರು ದಿನ ವ್ರತವಿದ್ದು ದೇಹ ಬಿಟ್ಟ. ಕಾಲ 974ರ ಸುಮಾರು. ಅವನ ಸೋದರಳಿಯ, ರಾಷ್ಟ್ರಕೂಟ ವಂಶದ ಕಡೆಯ ಕುಡಿ ನಾಲ್ಕನೆಯ ಇಂದ್ರನ ಮರಣದ ಶಾಸನ ಇದೇ ಆವರಣದ ಗಂಧವಾರಣ ಬಸದಿಯ ಬಳಿಯ ಕಂಬದಲ್ಲಿದೆ. ಚೆಂಡಾಟದಲ್ಲಿ ಇವನನ್ನು ಮೀರಿಸುವವರಿರಲಿಲ್ಲ ಎಂದು ಕವಿ ಪದ್ಯದ ಮೇಲೆ ಪದ್ಯ ಕಟ್ಟಿದ್ದಾನೆ. ಸಾವಿನ ಕಲ್ಲಿನಲ್ಲಿ ಆಟದ ವರ್ಣನೆ ಇಷ್ಟೊಂದು ಇರುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಇಂದ್ರ ತೀರಿಕೊಂಡದ್ದು 982ರಲ್ಲಿ. ಗೊಮ್ಮಟ ನಿಂತದ್ದು 981ರಲ್ಲಿ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಗೊಮ್ಮಟನ ಮುಖ ಬಡಗಣಕ್ಕೆ, ಚಿಕ್ಕಬೆಟ್ಟವಿರುವ ದಿಕ್ಕಿಗೆ. ರಾಜ್ಯ ಕಳೆದುಕೊಂಡು ಊಟ ಬಿಟ್ಟು ಕೂತ ಆ ಅರಸನ ಎದುರಿಗೆ ಉಳಿಯ ಗುರುತು ಆರದ ಹೊಸ ಕಲ್ಲು ನಿಂತಿತ್ತು ಎಂದಾಯಿತು.

ಸೋತ ಅರಸನಿಗೆ ಬೇರೆ ದಾರಿ ಏನಿತ್ತು, ಇದು ಧೈರ್ಯವೋ ಹತಾಶೆಯೋ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಜೈನ ಶಾಸ್ತ್ರಕಾರರೂ ಇದನ್ನು ಕೇಳಿಕೊಂಡಿದ್ದರು. ಊಟ ಬಿಟ್ಟು ಸಾವನ್ನು ಎದುರುಗೊಳ್ಳುವ ಈ ಸಲ್ಲೇಖನ ವ್ರತಕ್ಕೆ ಅನುಮತಿ ಇದ್ದದ್ದು ಪರಿಹಾರವಿಲ್ಲದ ವಿಪತ್ತು, ಬರ, ಮುಪ್ಪು, ವಾಸಿಯಾಗದ ರೋಗ ಬಂದಾಗ, ಅದೂ ಗುರು ಒಪ್ಪಿದರೆ ಮಾತ್ರ. ಜೈನ ಆಚಾರ್ಯ ಸಮಂತಭದ್ರರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಈ ವ್ರತ ಕೆಡಿಸುವ ಐದು ದೋಷಗಳನ್ನು ಹೇಳುತ್ತಾರೆ. ಇನ್ನಷ್ಟು ದಿನ ಬದುಕಬೇಕೆಂಬ ಆಸೆ ಒಂದು. ಬೇಗ ಸಾಯಬೇಕೆಂಬ ಆಸೆಯೂ ಅಷ್ಟೇ ದೊಡ್ಡ ದೋಷ. ಮೂರನೆಯದು ಭಯ. ಗೆಳೆಯರ ನೆನಪು, ಮುಂದಿನ ಜನ್ಮದ ಫಲದಾಸೆ ಉಳಿದೆರಡು. ಅಂದರೆ ಸ್ವರ್ಗ ಸಿಗಲಿ ಎಂದು ಬಯಸಿ ಸತ್ತರೂ ವ್ರತ ಕೆಟ್ಟಂತೆ. ಸಾವಿನಾಚೆಯ ಬಗ್ಗೆ ಇಷ್ಟು ವಿವರವಾದ ನಕ್ಷೆ ಬರೆದ ಧರ್ಮ, ಸಾಯುವ ಹೊತ್ತಿಗೆ ಆ ನಕ್ಷೆಯನ್ನು ಮಡಚಿಡು ಎನ್ನುತ್ತದೆ! ನನಗೆ ಈ ಬೆಟ್ಟದ ಮೇಲೆ ಕಣ್ಣು ತೆರೆಸಿದ್ದು ಇದೇ.

ಪಾರ್ಶ್ವನಾಥ ಬಸದಿಯ ಆಸುಪಾಸಿನ ಬಂಡೆಯ ಮೇಲೆ ಬಗ್ಗಿ ನೋಡಿದರೆ ಹಳೆಯ ಅಕ್ಷರಗಳು ಕಾಣುತ್ತವೆ. ಇಳಿಬಿಸಿಲಲ್ಲೋ ಎಳೆಬಿಸಿಲಲ್ಲೋ ಗೆರೆಗಳಿಗೆ ನೆರಳು ಬಿದ್ದು ಚೆನ್ನಾಗಿ ಎದ್ದು ಬರುತ್ತವೆ. ನಡುಹಗಲಲ್ಲಿ ಬರಿ ಬಂಡೆ. ಇಲ್ಲಿಯ ಮೊದಲ ಶಾಸನ ಸುಮಾರು 600ರದು. ಉಜ್ಜಯಿನಿಯಲ್ಲಿದ್ದ ಭದ್ರಬಾಹು ಹನ್ನೆರಡು ವರ್ಷದ ಬರವನ್ನು ಮೊದಲೇ ಅರಿತದ್ದು, ಸಂಘ ದಕ್ಷಿಣಕ್ಕೆ ಹೊರಟದ್ದು, ಪ್ರಭಾಚಂದ್ರನೆಂಬ ಆಚಾರ್ಯ ಇಲ್ಲಿ ಸಮಾಧಿಗೆ ಕೂತದ್ದು, ಕಾಲಕ್ರಮದಲ್ಲಿ 700 ಋಷಿಗಳು ಅದೇ ದಾರಿ ಹಿಡಿದದ್ದು ಅದರಲ್ಲಿದೆ. ಅದರ ನಂತರದ ಶತಮಾನದ ಕನ್ನಡ ಶಾಸನಗಳು ಇನ್ನೂ ಚಿಕ್ಕವು. ಇಂಥವರು, ಇಂಥವರ ಶಿಷ್ಯರು, ನೋಂತು ಮುಡಿಪಿದರು, ಅಂದರೆ ವ್ರತ ಹಿಡಿದು ದೇಹ ಬಿಟ್ಟರು, ಅಷ್ಟೇ. ನಂದಿಸೇನ ಮುನಿಯ ಕಲ್ಲಂತೂ ಕವಿತೆಯೇ ಆಗಿದೆ. ಸಿರಿ, ರೂಪ, ವೈಭವ ಎಲ್ಲ ಮಳೆಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಕರಗುವಂಥವು, ಇಲ್ಲಿ ನಾನಿರಲಾರೆ ಎಂದು ಆತ ಹೊರಟನಂತೆ. ಹೋದದ್ದೆಲ್ಲಿಗೆ? ದೇವಲೋಕಕ್ಕೆ. ಮೋಕ್ಷಕ್ಕಲ್ಲ, ಗಮನಿಸಿ. ಈ ಕಾಲದಲ್ಲಿ ಈ ನೆಲದಿಂದ ನೇರ ಮೋಕ್ಷವಿಲ್ಲವೆಂಬುದು ಜೈನರ ನಂಬಿಕೆ. ದೇವಲೋಕ ನಡುವಿನ ತಂಗುದಾಣ.

ಅದೇ ಬೆಟ್ಟದಲ್ಲಿ ತೇರಿನ ಬಸದಿಯ ಹತ್ತಿರ ಹತ್ತನೆಯ ಶತಮಾನದ ವೀರಗಲ್ಲೊಂದಿದೆ. ಕುದುರೆಯ ಮೇಲೆ ಕತ್ತಿ ಹಿಡಿದ ಹೆಂಗಸು, ಎದುರಿಗೆ ಆನೆಯ ಮೇಲೊಬ್ಬ ಗಂಡಸು. ಗಂಡನ ಜತೆ ಕಾಳಗಕ್ಕೆ ಹೋಗಿ ಬಿದ್ದ ಸಾಯಿಬ್ಬೆ ಆಕೆ, ಜಿನಭಕ್ತೆ. ಒಬ್ಬರು ಊಟ ಬಿಟ್ಟು ಕಣ್ಣು ಮುಚ್ಚಿದರು, ಇನ್ನೊಬ್ಬರು ಕತ್ತಿ ಬೀಸುತ್ತ ಬಿದ್ದರು. ಇಬ್ಬರಿಗೂ ಒಂದೇ ಬೆಟ್ಟದಲ್ಲಿ ಕಲ್ಲು ಸಿಕ್ಕಿತು. ನಾಡಿನ ಉಳಿದ ಹಲವು ವೀರಗಲ್ಲುಗಳಲ್ಲಿ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ, ಮೇಲಿನ ಪಟ್ಟಿಯಲ್ಲಿ ಆತ ಶಿವಲಿಂಗದ ಮುಂದೆ ಕೂತಿರುತ್ತಾನೆ.

ನಾನು ಹೆಚ್ಚು ಹೊತ್ತು ನಿಂತದ್ದು ಮಾಚಿಕಬ್ಬೆಯ ಹೆಸರಿನ ಮುಂದೆ. ಗಂಧವಾರಣ ಬಸದಿಯನ್ನು 1123ರಲ್ಲಿ ಕಟ್ಟಿಸಿದ್ದು ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ. ಅವಳ ಮನೆಯೇ ಒಂದು ಸರ್ವಧರ್ಮ ಸಭೆ. ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜೈನಳು, ಗಂಡ ಬೇಲೂರಿನಲ್ಲಿ ನಾರಾಯಣನ ಗುಡಿ ಎತ್ತಿಸಿದವನು. ಜೈನಳಾದ ಶಾಂತಲೆಯೂ ಅದೇ ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ಅವಳು ತೀರಿಕೊಂಡಳು. ಸುದ್ದಿ ಕೇಳಿದ ತಾಯಿ ಬೆಳಗೊಳಕ್ಕೆ ಬಂದು ವ್ರತ ಹಿಡಿದಳು. ಶಾಸನ ಅವಳ ಸಾವನ್ನು ಪಕ್ಕದಲ್ಲಿ ಕೂತು ನೋಡಿದವರ ಹಾಗೆ ವರ್ಣಿಸುತ್ತದೆ: ಅರೆಮುಚ್ಚಿದ ಕಣ್ಣು, ತುಟಿಯ ಮೇಲೆ ಪಂಚನಮಸ್ಕಾರ, ನೆಂಟರಿಷ್ಟರನ್ನು ಬೀಳ್ಕೊಂಡ ಘನತೆ, ಒಂದು ತಿಂಗಳ ಉಪವಾಸ, ಸುತ್ತ ಗುರುಗಳು. ಮಗಳನ್ನು ಕಳೆದುಕೊಂಡ ತಾಯಿಯ ಸಂಕಟ ಎಷ್ಟಿತ್ತು, ವೈರಾಗ್ಯ ಎಷ್ಟಿತ್ತು ಎಂಬುದನ್ನು ಕಲ್ಲು ಹೇಳುವುದಿಲ್ಲ. ಇದನ್ನೆಲ್ಲ ಕಣ್ಣಿಗೊತ್ತಿಕೊಂಡು ಬರಲು ನನಗೆ ಮನಸ್ಸಿಲ್ಲ. ವ್ರತದ ನಡುವೆ ಹೆದರಿದವರಿಗೆ, ಎದ್ದು ಹೋದವರಿಗೆ ಇಲ್ಲಿ ಕಲ್ಲಿಲ್ಲ. ಗೆದ್ದವರ ಪಟ್ಟಿಯನ್ನಷ್ಟೇ ನಾವು ಓದುತ್ತಿದ್ದೇವೆ. ಈ ಆಚರಣೆಯ ಬಗೆಗಿನ ತಕರಾರು ನಮ್ಮ ಕಾಲದಲ್ಲೂ ಮುಗಿದಿಲ್ಲ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಅಪರಾಧವೆಂದಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಆದರೆ ಹೀಗೆ ಸತ್ತವರ ನೆನಪಿಗೆ ನಿಲ್ಲಿಸಿದ ನಿಷಿಧಿ ಕಂಬಗಳ ಕೆತ್ತನೆಯನ್ನು ನೋಡಿ. ಮೇಲೆ ಜಿನ, ಕೆಳಗೆ ಗುರು ಮತ್ತು ಶಿಷ್ಯರು, ನಡುವೆ ವ್ಯಾಸಪೀಠದ ಮೇಲೆ ಗ್ರಂಥ. ಸಾಯುವವರು ಒಂಟಿಯಲ್ಲ. 'ಭಗವತೀ ಆರಾಧನೆ' ಎಂಬ ಜೈನ ಗ್ರಂಥದ ಪ್ರಕಾರ ಸಮಾಧಿಗೆ ಕೂತ ಮುನಿಯ ಆರೈಕೆಗೆ 48 ಮುನಿಗಳಿರಬೇಕು; ಅಷ್ಟು ಜನ ಸಿಗದಿದ್ದರೆ ಇಬ್ಬರಾದರೂ ಬೇಕೇ ಬೇಕು. ಮಗ್ಗುಲು ಬದಲಿಸುವವರು, ಬಾಗಿಲು ಕಾಯುವವರು, ಕಥೆ ಹೇಳುವವರು ಎಂದು ಕೆಲಸ ಹಂಚಿಕೆ ಬೇರೆ. ಆ ಗ್ರಂಥದಲ್ಲಿ ಕವಚ ಎಂಬ ಅಧ್ಯಾಯವೊಂದಿದೆ: ಸಾಯುವವನ ಎದೆ ಕುಸಿದಾಗ ಹಿಂದಿನವರ ಕಥೆ ಹೇಳಿ ತೊಡಿಸಬೇಕಾದ ಕವಚ. ಕನ್ನಡದ 'ವಡ್ಡಾರಾಧನೆ'ಯ 19 ಕಥೆಗಳಿಗೆ ಮೂಲ ಆ ಭಾಗದ 19 ಗಾಹೆಗಳು, ಅಂದರೆ ಪ್ರಾಕೃತ ಪದ್ಯಗಳು. ಶಾಲೆಯಲ್ಲಿ ಸುಕುಮಾರಸ್ವಾಮಿಯ ಕಥೆ ಓದಿ ಬೆವತವರು ಅದು ಯಾರ ಹಾಸಿಗೆಯ ಬಳಿ ಹೇಳಲು ಹುಟ್ಟಿದ ಕಥೆ ಎಂದು ತಿಳಿದರೆ ಬೇರೆ ರೀತಿ ಓದಿಯಾರು.

ಬೆಟ್ಟ ಇಳಿದು ಊರೊಳಗಿನ ಭಂಡಾರಿ ಬಸದಿಗೆ ಹೋದರೆ 1368ರ ಬುಕ್ಕರಾಯನ ಶಾಸನ ಸಿಗುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಿದ್ದಿತ್ತು, ಅರಸ ಇಬ್ಬರ ಕೈ ಹಿಡಿಸಿ ರಾಜಿ ಮಾಡಿದ. ಜಗಳದ ವಿಷಯ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು. ಸತ್ತ ಮೇಲೆ ವೈಕುಂಠವೋ ಸಿದ್ಧಶಿಲೆಯೋ ಎಂದು ಯಾರೂ ಅರಸನ ಬಾಗಿಲು ತಟ್ಟಿರಲಿಲ್ಲ. ಆ ವಿಷಯದಲ್ಲಿ ಜನ ಅಷ್ಟು ಹಟವಾದಿಗಳಲ್ಲ ಎಂದೇ ನನ್ನ ಅನಿಸಿಕೆ. ನಮ್ಮ ಮನೆಗಳಲ್ಲಿ ಸಾಯುವವರ ಬಾಯಿಗೆ ತುಳಸಿ ನೀರು ಬಿಟ್ಟು ವಿಷ್ಣುಸಹಸ್ರನಾಮ ಓದುತ್ತಾರೆ. ಮುಸ್ಲಿಮರ ಮನೆಯಲ್ಲಿ ಪಕ್ಕದಲ್ಲಿ ಕೂತು ಮೆಲ್ಲಗೆ ಕಲಿಮಾ ನೆನಪಿಸುತ್ತಾರೆ, ಯಾಸೀನ್ ಓದುತ್ತಾರೆ. ಕ್ಯಾಥೊಲಿಕರಲ್ಲಿ ಪಾದ್ರಿ ಬಂದು ಹಣೆಗೆ ತೈಲ ಹಚ್ಚುತ್ತಾರೆ. ಲಿಂಗವಂತರ ಮನೆಯಲ್ಲಿ ವಿಭೂತಿ. ಹೋಗುವ ಊರು ಬೇರೆ ಬೇರೆ, ಕಳಿಸಿಕೊಡುವ ರೀತಿ ಹೆಚ್ಚುಕಡಿಮೆ ಒಂದೇ: ಪರಿಚಿತ ದನಿ, ಕ್ಷಮೆ ಕೇಳಿ ಬೀಳ್ಕೊಳ್ಳುವುದು, ಮೈಮೇಲೊಂದು ಕೈ. ಭಯ ಇಳಿಸುವುದು ಇದು. ಆಚೆಯ ಲೋಕದ ಖಾತರಿಯಿಂದ ಭಯ ಇಳಿಯುವಂತಿದ್ದರೆ ಸಮಂತಭದ್ರರು ವ್ರತದ ದೋಷಗಳಲ್ಲಿ ಭಯವನ್ನು ಸೇರಿಸುತ್ತಿರಲಿಲ್ಲ.

ಈಗ ನಮ್ಮ ಪೈಕಿ ಎಷ್ಟೋ ಮಂದಿಯ ಕಡೆಯ ದಿನಗಳು ಐಸಿಯುನಲ್ಲಿ, ಭೇಟಿಯ ವೇಳೆ ಮುಗಿದ ಮೇಲೆ ಯಾರೂ ಇಲ್ಲದೆ ಕಳೆಯುತ್ತವೆ. ಇದನ್ನು ತಪ್ಪಿಸಿಕೊಳ್ಳಲು ಕಾನೂನಿನ ದಾರಿಯೊಂದಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಸರಳಗೊಳಿಸಿದ ಲಿವಿಂಗ್ ವಿಲ್ ಅದು. ವಾಸಿಯಾಗುವ ಆಸೆ ಇಲ್ಲದಾಗ ಯಾವ ಚಿಕಿತ್ಸೆ ಬೇಡ, ನಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಬುದ್ಧಿ ಸ್ವಾಧೀನದಲ್ಲಿರುವಾಗಲೇ ಬರೆದಿಡಬಹುದು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ. ಇಬ್ಬರು ಸಾಕ್ಷಿಗಳು, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. ಚಿಕ್ಕಬೆಟ್ಟಕ್ಕೆ ಹೋಗಿ ಬಂದ ವಾರದಲ್ಲೇ ಮನೆಯವರನ್ನು ಕೂರಿಸಿಕೊಂಡು ಈ ಮಾತು ತೆಗೆಯಿರಿ.